ಮೀನಿನ ಬಿಲ್ಲೆ

ಫೆಬ್ರವರಿ ೨೪

ಮೇಲಿನ ತಂಗುಮನೆಯ ದೊಡ್ಡಮ್ಮನವರಿಗೆ ನಮಸ್ಕಾರಗಳು.

ಇವತ್ತು ನನಗೆ ಉಪವಾಸ. ಬೆಳಕು ಹರಿಯುವ ಮೊದಲೇ ಎದ್ದು ಒಲೆ ಒರೆಸಿ, ಹಂಡೆಗೆ ನೀರು ತುಂಬಿ, ಹುಡುಗಿಯರ ತಿಂಡಿಗೆ ಹಿಟ್ಟು ನಾದಿಟ್ಟು, ಹಾಲಿನವನು ಬರುವಷ್ಟರಲ್ಲಿ ಹಿತ್ತಿಲನ್ನೂ ತೊಳೆದು ಮುಗಿಸಿದ್ದೆ. ನಾನು ನರ್ಸಿಂಗ್ ಓದುವ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವಳು. ಅಡುಗೆಮನೆಯ ಹಿಂದಿನ ಕೋಣೆಯೇ ನನ್ನ ಮನೆ. ದಿನದ ಪ್ರಾರ್ಥನೆ ನನಗೆ ಬಾಯಿಗೆ ಬರುತ್ತದೆ, ಪುಸ್ತಕ ಬೇಕಾಗುವುದಿಲ್ಲ. ಉಪವಾಸದ ದಿನ ಓದುವುದು ಉದ್ದ. ಅದಕ್ಕೆ ಮಾತ್ರ ಪುಸ್ತಕದ ಬಟ್ಟೆ ಬಿಚ್ಚುತ್ತೇನೆ. ಇವತ್ತು ಬಿಚ್ಚಿ ಪುಟ ತೆಗೆದರೆ ನಿಮ್ಮ ಮೀನಿನ ಬಿಲ್ಲೆ ದಾರದ ಸಮೇತ ಮಡಿಲಿಗೆ ಬಿತ್ತು.

ನೀವು ನಮ್ಮನ್ನು ನೋಡಿಲ್ಲ. ಹೋದ ಉಪವಾಸದ ದಿನ ನಾವು ಮೂವರು ಹೊಳೆಯ ಕಣಿವೆ ನಡೆಯಲು ಬಂದಿದ್ದೆವು. ನಾನು, ನಮ್ಮ ಬೀದಿಯ ದರ್ಜಿಯಕ್ಕ, ಮತ್ತೆ ಪಕ್ಕದ ಮನೆಯ ರೇಡಿಯೋ. ಅವಳಿಗೆ ಆ ಹೆಸರಿಟ್ಟದ್ದು ಅವಳ ಅತ್ತೆ; ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ದರ್ಜಿಯಕ್ಕನಿಗೆ ಅಂಗಡಿ ಮುಚ್ಚಲು ಆಗುತ್ತಿದ್ದದ್ದು ಅದೊಂದೇ ದಿನ. ಉಪವಾಸವಾದರೇನು, ನಡೆಯುವುದು ಕಾಲು ತಾನೇ ಎಂದು ನಾನೂ ಹೊರಟೆ.

ಕೆಳಗಿನ ತಂಗುಮನೆಯ ಅಜ್ಜ ಮರದ ಬಿಲ್ಲೆಗಳ ಪೆಟ್ಟಿಗೆ ಮುಂದಿಟ್ಟರು. ಎಲೆ, ಹಕ್ಕಿ, ಕೊಡಲಿ, ಬೀಗದಕೈ, ಒಂದೊಂದರ ಮೇಲೂ ಸುಟ್ಟು ಬರೆದ ಒಂದೊಂದು ಚಿತ್ರ.

“ಒಬ್ಬೊಬ್ರು ಒಂದೊಂದು ತಗೊಂಡು ಕತ್ತಿಗೆ ಹಾಕ್ಕೊಳ್ಳಿ. ಮೇಲಿನ ಮನೆ ಗೋಡೇಲಿ ಇದೇ ಚಿತ್ರದ ಹತ್ರ ಮೊಳೆ ಇದೆ, ಅಲ್ಲಿ ತೂಗುಹಾಕಿ. ಮರೆತ್ರೆ ದೊಡ್ಡಮ್ಮ ಸುಮ್ನೆ ಬಿಡಲ್ಲ” ಎಂದರು.

“ಏನ್ ಮಾಡ್ತಾರೆ, ಹೊಡೀತಾರಾ?” ಎಂದಳು ರೇಡಿಯೋ.

“ಹೊಡೆಯಲ್ಲಮ್ಮ, ಹುಡುಕ್ತಾರೆ.”

ಎಲ್ಲರೂ ನಕ್ಕೆವು. ಅವರಿಬ್ಬರೂ ಎಲೆ, ಹಕ್ಕಿ ಆರಿಸಿಕೊಂಡರು, ನಾನು ಮೀನು ತೆಗೆದುಕೊಂಡೆ.

ದಾರಿ ಬಹಳ ಚೆನ್ನಾಗಿತ್ತು. ಮರಗಳ ಕೆಳಗೆ ಹೊಳೆ ನಮ್ಮ ಜೊತೆಜೊತೆಗೇ ಬಂತು, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಮನೆಯವರೆಗೂ ಬಂದು ಬಿಟ್ಟುಹೋಗುವ ಗೆಳತಿಯ ಹಾಗೆ. ತೂಗುಸೇತುವೆಯನ್ನು ಸಲೀಸಾಗಿ ದಾಟಿದೆ. ನಡುವಿನ ತಂಗುಮನೆಯಲ್ಲಿ ಅವರಿಬ್ಬರೂ ಬುತ್ತಿ ಬಿಚ್ಚಿದರು, ನಾನು ಹೊಳೆಯಂಚಿನ ಬಂಡೆಯ ಮೇಲೆ ಕೂತು ಪುಸ್ತಕ ಓದಿದೆ. ಗಾಳಿಗೆ ಪುಟ ಮಗುಚುತ್ತಿತ್ತು. ಅಷ್ಟರಲ್ಲಿ ರೇಡಿಯೋ, “ಅಕ್ಕಾ, ದೇವರಿಗೂ ಸ್ವಲ್ಪ ಊಟಕ್ಕೆ ಬಿಡುವು ಕೊಡು, ಹೊರಡೋಣ” ಎಂದು ಕೂಗಿದಳು. ಓದಿದ ಜಾಗ ತಪ್ಪಬಾರದೆಂದು ಕತ್ತಿನ ಬಿಲ್ಲೆ ತೆಗೆದು ಪುಟಕ್ಕಿಟ್ಟು ಬಟ್ಟೆ ಸುತ್ತಿದೆ. ಅಲ್ಲಿಗೆ ಮರೆತೆ.

ನಿಮ್ಮ ಮನೆ ತಲುಪಿದಾಗ ನೀವು ಇರಲಿಲ್ಲ, ಸೌದೆಗೆ ಹೋಗಿದ್ದಿರೋ ಏನೋ. ನಾನು ಜಗಲಿಯಲ್ಲೇ ಕೂತೆ. ಆಚೆ ಬದಿಯ ರಸ್ತೆಯಲ್ಲಿ ಕಡೆಯ ಬಸ್ಸು ಹಾರ್ನ್ ಹೊಡೆಯಿತು, ಅವರಿಬ್ಬರೂ ಒಳಗಿನಿಂದ ಓಡಿಬಂದರು. ನನ್ನ ಬಿಲ್ಲೆಯನ್ನು ದರ್ಜಿಯಕ್ಕ ತೂಗುಹಾಕಿದ್ದಾಳೆ ಎಂದು ನಾನು ಅಂದುಕೊಂಡೆ; ಅವಳೋ, ನನ್ನದನ್ನು ನಾನೇ ಹಾಕಿರುತ್ತೇನೆ ಎಂದುಕೊಂಡಳು. ಹೀಗಾಯಿತು ನೋಡಿ.

ಅಂಚೆಯಲ್ಲಿ ಕಳಿಸಿದರೆ ಕಳೆದುಹೋದೀತು ಎಂದು ಭಯ. ಏನು ಮಾಡಲಿ, ತಿಳಿಸಿ. ನಿಮ್ಮ ಕಡೆಯ ಬಸ್ಸು ನಮ್ಮ ಬೀದಿಯ ಕೊನೆಗೇ ಬಂದು ನಿಲ್ಲುತ್ತದೆ. ಟಿಕೆಟ್ ಕಿಟಕಿಯವರು ಕಾಗದ ಇಟ್ಟುಕೊಳ್ಳುತ್ತಾರೆ.

ನಿಮಗೇನೂ ತೊಂದರೆಯಾಗಲಿಲ್ಲ ಎಂದುಕೊಂಡಿದ್ದೇನೆ.

ಇಂತಿ,
ಹಾಸ್ಟೆಲ್ ಅಡುಗೆಯವಳು


ಮಾರ್ಚ್ ೩

ಮೀನಿನ ಬಿಲ್ಲೆಯವರಿಗೆ,

ಕಾಗದ ತಲುಪಿತು. ಬಿಲ್ಲೆ ಇದೆ ಎಂದು ತಿಳಿಯಿತು.

ಬಸ್ಸಿನಲ್ಲಿ ಕಳಿಸಬೇಡಿ. ಕೆಳಗಿನಿಂದ ಹೊಳೆಯ ದಾರಿಯಲ್ಲಿ ನಡೆದು ಬಂದ ಬಿಲ್ಲೆಯನ್ನು ಮಾತ್ರ ಇಲ್ಲಿ ತೂಗುಹಾಕುವುದು. ನಾನು ಬರುವುದಕ್ಕೂ ಮೊದಲಿನಿಂದ ಹಾಗೇ ಇದೆ. ಮತ್ತೆ ಬಂದಾಗ ತನ್ನಿ. ಮೊಳೆ ಖಾಲಿ ಇರುತ್ತದೆ.

ಮೇಲಿನ ತಂಗುಮನೆ


ಮಾರ್ಚ್ ೧೧

ದೊಡ್ಡಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿದೆ. ಓದಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಅಷ್ಟುದ್ದ ಬರೆದೆ, ನೀವು ಕೋಪದಲ್ಲಿದ್ದೀರಿ ಎಂದು ಕಾಣುತ್ತದೆ. ದರ್ಜಿಯಕ್ಕನಿಗೆ ತೋರಿಸಿದರೆ ಅವಳು, “ಕಾಡಲ್ಲಿ ಒಬ್ರೇ ಇರೋರು ಕಣೇ, ಮಾತು ಖರ್ಚು ಮಾಡಿ ಅಭ್ಯಾಸ ಇರಲ್ಲ” ಎಂದಳು. ರೇಡಿಯೋ, “ಅಷ್ಟು ಕಮ್ಮಿ ಮಾತಾಡ್ತಾ ಮನುಷ್ಯರು ಹೇಗೆ ಬದುಕ್ತಾರೆ?” ಎಂದು ನಿಜವಾಗಿಯೂ ಚಿಂತೆಗೆ ಬಿದ್ದಳು.

ಮತ್ತೆ ಬರುವುದು ಯಾವಾಗಲೋ ಗೊತ್ತಿಲ್ಲ. ಅವರಿಬ್ಬರೂ ಇನ್ನು ಉಪವಾಸದ ದಿನ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಅದಕ್ಕೆ ಕಾರಣವೇನೂ ಇಲ್ಲ, ಸುಮ್ಮನೆ.

ತಪ್ಪಿಗೆ ಇರಲಿ ಎಂದು ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದ್ದೇನೆ. ನಿಮ್ಮ ಕಾಲಿನ ಅಳತೆ ಗೊತ್ತಿಲ್ಲ, ಜಗಲಿಯಲ್ಲಿದ್ದ ಚಪ್ಪಲಿಯನ್ನು ನೆನೆದು ಹೆಣೆದೆ. ಮೇಲೆ ಚಳಿ ಇದ್ದೀತು.

ಅಡುಗೆಯವಳು


ಮಾರ್ಚ್ ೧೭

ಅಡುಗೆಯವರಿಗೆ,

ಕೋಪವಿಲ್ಲ. ನಾನು ಬರೆಯುವುದೇ ಹೀಗೆ.

ಕಾಲುಚೀಲ ಬಂತು. ಒಂದನ್ನು ಹಾಕಿಕೊಂಡಿದ್ದೇನೆ, ಬೆಚ್ಚಗಿದೆ. ಇನ್ನೊಂದನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಹೊಳೆಯ ನೀರು ಇಳಿಯುತ್ತಿದೆ. ನೀವು ಕೂತ ಬಂಡೆ ಯಾವುದೆಂದು ನಡುವಿನ ಮನೆಯವನನ್ನು ಕೇಳಿದೆ. ಅದರ ಬುಡದಲ್ಲಿ ಈಗ ನೀರುನಾಯಿ ಮರಿ ಹಾಕಿದೆಯಂತೆ. ನಾನು ನೋಡಿಲ್ಲ.

ಉಪವಾಸ ಇರುವವರು ನೀರು ಕುಡಿಯಬಹುದೋ ಇಲ್ಲವೋ? ತಿಳಿದುಕೊಳ್ಳಲು ಕೇಳಿದೆ.

ಮೇಲಿನ ತಂಗುಮನೆ


ಮಾರ್ಚ್ ೨೬

ಅಕ್ಕನವರಿಗೆ,

ಒಂದನ್ನು ಮಾತ್ರ ಹಾಕಿಕೊಂಡಿದ್ದೀರಿ ಎಂದು ಓದಿ, ಇನ್ನೊಂದು ಬಿಗಿಯಾಯಿತೇನೋ ಎಂದು ಎರಡು ದಿನ ಬೇಜಾರು ಮಾಡಿಕೊಂಡೆ. ಬಿಚ್ಚಿ ಹೆಣೆಯೋಣವೆಂದು ಉಳಿದ ಉಣ್ಣೆಯನ್ನೂ ಹುಡುಕಿಟ್ಟೆ. ನಿನ್ನೆ ತರಕಾರಿ ತರಲು ಹೋದರೆ ಟಿಕೆಟ್ ಕಿಟಕಿಯ ಹತ್ತಿರ ನಿಮ್ಮ ಕಡೆಯ ಬಸ್ಸಿನ ಡ್ರೈವರಣ್ಣನೇ ಚಹಾ ಕುಡಿಯುತ್ತ ನಿಂತಿದ್ದರು.

“ದೊಡ್ಡಮ್ಮ ಹೇಗಿದ್ದಾರೆ ಅಣ್ಣಾ?” ಎಂದೆ.

“ಹೇಗಿರ್ತಾರೆ, ಕಾಲಿಗೆ ಪಟ್ಟಿ ಹಾಕ್ಕೊಂಡು ಕುಂಟ್ತಾ ಇದಾರೆ. ಯಾವಳೋ ಬಿಲ್ಲೆ ತಗೊಂಡು ಹೋದ್ಳಂತಲ್ಲ, ಅವಳನ್ನ ಹುಡುಕೋಕೆ ಹೋಗಿ ಬಿದ್ರು.”

ಆ ಯಾವಳೋ ನಾನೇ ಎಂದು ಹೇಳಲು ನಾಲಿಗೆ ಏಳಲಿಲ್ಲ. ಚೀಲ ಹಿಡಿದುಕೊಂಡು ಹಾಗೇ ಮನೆಗೆ ಬಂದೆ. ರಾತ್ರಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಹುಡುಗಿಯರು ಪಾಪ ಬಾಯಿಬಿಡದೆ ಉಂಡರು.

ನೀವು ಮಾಡಿದ್ದು ಸರಿಯೇ? ಎರಡು ಕಾಗದ ಬರೆದಿರಿ, ನೀರುನಾಯಿಯ ಸುದ್ದಿ ಬರೆದಿರಿ, ಕಾಲಿನ ಸುದ್ದಿ ಇಲ್ಲ. ಏನಾಯಿತೆಂದು ಈಗಲಾದರೂ ಬರೆಯಿರಿ. ಇಲ್ಲವಾದರೆ ನಾನು ಡ್ರೈವರಣ್ಣನನ್ನೇ ಕೇಳುತ್ತೇನೆ, ಅವರು ಇರುವುದಕ್ಕಿಂತ ಹೆಚ್ಚೇ ಹೇಳುವವರ ಹಾಗೆ ಕಾಣುತ್ತಾರೆ.

ನೀರಿನ ಮಾತು: ನನ್ನ ಉಪವಾಸದಲ್ಲಿ ಸೂರ್ಯ ಮುಳುಗುವವರೆಗೆ ನೀರೂ ಇಲ್ಲ.

ಅಡುಗೆಯವಳು


ಏಪ್ರಿಲ್ ೨

ಅಡುಗೆಯವರೇ,

ಡ್ರೈವರನನ್ನು ಕೇಳಬೇಡಿ. ಅವನ ಬಾಯಲ್ಲಿ ನಾನು ಈಗಾಗಲೇ ಹೊಳೆಗೆ ಬಿದ್ದು ತೇಲಿಕೊಂಡು ಹೋಗಿ ಬಂದಿದ್ದೇನೆ.

ಆ ದಿನ ಸೌದೆ ಹೊತ್ತು ಬಂದಾಗ ಗೋಡೆಯಲ್ಲಿ ಎಲೆ ಇತ್ತು, ಹಕ್ಕಿ ಇತ್ತು, ಮೀನು ಇರಲಿಲ್ಲ. ಎಲೆ, ಹಕ್ಕಿ, ಮೀನು ಹಾಕಿಕೊಂಡು ಮೂವರು ಹೊರಟಿದ್ದಾರೆ ಎಂದು ಕೆಳಗಿನ ಮನೆಯಿಂದ ಬೆಳಿಗ್ಗೆಯೇ ಫೋನ್ ಬಂದಿತ್ತು. ಈ ಮೂರು ಮನೆಗಳ ನಡುವೆ ಮಾತ್ರ ಓಡುವ ತಂತಿ ಅದು. ಮೇಜಿನ ಮೇಲೆ ಎರಡು ಲೋಟ ಒದ್ದೆಯಾಗಿದ್ದವು, ಉಳಿದವು ಒಣಗಿದ್ದವು. ಇಷ್ಟು ಏರು ಹತ್ತಿ ಬಂದವರು ಯಾರೂ ನೀರು ಕುಡಿಯದೆ ಹೋಗುವುದಿಲ್ಲ. ನಡುವಿನ ಮನೆಗೆ ಫೋನ್ ಮಾಡಿದೆ.

“ಮೂವರೂ ಹೋದ್ರಲ್ಲ ದೊಡ್ಡಮ್ಮ. ಒಬ್ಬರು ಏನೂ ತಿನ್ನಲಿಲ್ಲ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂತೂಂತ ಕಂಬ ಹಿಡ್ಕೊಂಡ್ರು” ಎಂದ.

ಆಮೇಲೆ ನನಗೆ ಯೋಚಿಸಲು ಏನೂ ಉಳಿಯಲಿಲ್ಲ. ಕಂದೀಲು ಹಿಡಿದು ಇಳಿದೆ. ಅವನು ಕೆಳಗಿನಿಂದ ಹತ್ತಿದ, ನಡುದಾರಿಯಲ್ಲಿ ಸಿಕ್ಕ ಮೇಲೆ ಇಬ್ಬರೂ ಹೊಳೆಯಂಚಿನಲ್ಲೇ ಹುಡುಕುತ್ತ ಕೆಳಗಿಳಿದೆವು. ಏನೆಂದು ಕೂಗಲಿ? ಗೊತ್ತಿದ್ದದ್ದು ಮೀನು ಒಂದೇ. “ಮೀನೇ, ಓ ಮೀನೇ” ಎಂದು ಹೊಳೆಯುದ್ದಕ್ಕೂ ಕೂಗಿದೆ. ಯಾರಾದರೂ ಕೇಳಿದ್ದರೆ ಮುದುಕಿಗೆ ತಲೆ ಕೆಟ್ಟಿದೆ, ಹೊಳೆಯನ್ನೇ ಮನೆಗೆ ಕರೆಯುತ್ತಿದ್ದಾಳೆ ಎನ್ನುತ್ತಿದ್ದರು. ನೀವು ಕೂತಿದ್ದ ಆ ಬಂಡೆಯ ಹತ್ತಿರವೇ ಪಾಚಿಯ ಮೇಲೆ ಕಾಲಿಟ್ಟೆ. ನಡುವಿನ ಮನೆಯವನು ಹೊತ್ತುಕೊಂಡು ಹೋದ. ಮರುದಿನ ಬಸ್ಸಿನವನು ಬಂದು, ಮೂವರೂ ಇಳಿದರು, ಒಬ್ಬರು ಬಟ್ಟೆ ಸುತ್ತಿದ ಪುಸ್ತಕವನ್ನು ಎದೆಗೆ ಅವಚಿಕೊಂಡಿದ್ದರು ಎಂದ. ನನಗೆ ಅಷ್ಟು ಸಾಕಾಗಿತ್ತು. ಚೆನ್ನಾಗಿ ನಿದ್ದೆ ಬಂತು.

ನಿಮಗೆ ಬರೆಯದೆ ಇದ್ದದ್ದು ಏಕೆಂದರೆ, ಬರೆದರೆ ನೀವು ಇನ್ನು ಈ ಕಡೆ ಕಾಲಿಡುವುದಿಲ್ಲ. ಹಾಗೆ ಒಬ್ಬರು ಕಮ್ಮಿಯಾಗುವುದು ನನಗೆ ಇಷ್ಟವಿಲ್ಲ.

ಕೇಳಿದ್ದಕ್ಕೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಪಟ್ಟಿ ಬಿಚ್ಚಿದ್ದಾರೆ. ಮಳೆಗಾಲದವರೆಗೆ ಭಾರ ಹೊರಬೇಡಿ ಎಂದಿದ್ದಾರೆ ಡಾಕ್ಟರು. ನಮ್ಮ ಕುಡಿಯುವ ನೀರಿನ ಒರತೆ ಮನೆಯ ಕೆಳಗಿದೆ, ಕೊಡ ಹೊತ್ತು ಮೆಟ್ಟಿಲು ಹತ್ತಬೇಕು. ನಡುವಿನ ಮನೆಯವನು ದಿನ ಬಿಟ್ಟು ದಿನ ಬಂದು ತುಂಬಿಕೊಡುತ್ತಾನೆ, ಅವನಿಗೆ ಅವನ ಮನೆ ಇಲ್ಲವೇ? ಮೇ ತಿಂಗಳ ಐದಕ್ಕೆ ಈ ತಂಗುಮನೆಗಳನ್ನು ನಡೆಸುವ ಕಚೇರಿಯ ಸಾಹೇಬರು ಬರುತ್ತಾರೆ. ಇಲ್ಲಿ ಕೆಲಸ ಮಾಡುವ ಕೈ ಇಲ್ಲ ಎಂದು ಕಂಡರೆ ಮನೆಗೆ ಬೀಗ. ಒಮ್ಮೆ ಬೀಗ ಬಿದ್ದ ತಂಗುಮನೆಯನ್ನು ತೆರೆದದ್ದನ್ನು ನಾನು ನೋಡಿಲ್ಲ. ನನ್ನನ್ನು ಅಣ್ಣನ ಮಗನ ಮನೆಗೆ ಕಳಿಸುತ್ತಾರೆ. ಒಳ್ಳೆಯ ಹುಡುಗ. ಅವನ ಮನೆಯ ಕಿಟಕಿಯಿಂದ ಇನ್ನೊಂದು ಮನೆಯ ಕಿಟಕಿ ಕಾಣುತ್ತದೆ.

ಇಷ್ಟು ಉದ್ದ ನಾನು ಬರೆದದ್ದೇ ಇಲ್ಲ. ಕೈ ನೋಯುತ್ತಿದೆ.

ಮೇಲಿನ ತಂಗುಮನೆ


ಏಪ್ರಿಲ್ ೯

ಅಕ್ಕಾ,

ಕಾಗದ ಓದಿದಾಗಿನಿಂದ ಅನ್ನ ಸೇರುತ್ತಿಲ್ಲ. ಇವತ್ತು ಉಪವಾಸವಾದದ್ದರಿಂದ ಅದೇ ಒಳ್ಳೆಯದಾಯಿತು. ಪುಸ್ತಕವನ್ನು ಮೊದಲ ಪುಟದಿಂದ ಕಡೆಯವರೆಗೆ ನಿಮ್ಮ ಕಾಲಿಗಾಗಿ, ನಿಮ್ಮ ಮನೆಗಾಗಿ ಓದಿ ಮುಗಿಸಿದೆ. ದೇವರು ಕೈಬಿಡುವುದಿಲ್ಲ, ನಂಬಿ. ನೋವಿಗೆ ಹಚ್ಚುವ ಎಣ್ಣೆ ಕಳಿಸಿದ್ದೇನೆ, ಬೆಚ್ಚಗೆ ಮಾಡಿ ತಿಕ್ಕಿಕೊಳ್ಳಿ. ಮೇ ಐದರ ದಿನವೂ ನಾನು ಇಲ್ಲಿ ಉಪವಾಸ ಇದ್ದು ಓದುತ್ತೇನೆ.

ಅಡುಗೆಯವಳು


ಏಪ್ರಿಲ್ ೧೪

ಅಡುಗೆಯವರೇ,

ಎಣ್ಣೆ ಬಂತು.

ನೀವು ಇಡೀ ಪುಸ್ತಕ ಓದಿದ ದಿನ ನಡುವಿನ ಮನೆಯವನಿಗೆ ಜ್ವರ, ಅವನು ಬರಲಿಲ್ಲ. ಸಂಜೆ ನಾಲ್ಕು ಜನ ನಡೆದು ಬಂದರು, ಬಾಯಾರಿ. ಕೊಡದಲ್ಲಿ ನೀರಿರಲಿಲ್ಲ. ಅವರೇ ಇಳಿದು ತಂದುಕೊಂಡರು, ನಾನು ಕುರ್ಚಿಯಲ್ಲಿ ಕೂತು ನೋಡಿದೆ. ನೀವು ಎಷ್ಟು ಓದಿದರೂ ನಮ್ಮ ಕೊಡ ತುಂಬುವುದಿಲ್ಲ.

ಒರಟಾಗಿ ಬರೆದೆ. ಹರಿದು ಬೇರೆ ಬರೆಯಲು ಕಾಗದವಿಲ್ಲ.

ಬಿಲ್ಲೆಯನ್ನು ನೀವೇ ಇಟ್ಟುಕೊಳ್ಳಿ. ಐದರ ನಂತರ ಮೊಳೆ ಇದ್ದರೂ ನೋಡುವವರು ಇರುವುದಿಲ್ಲ.

ಮೇಲಿನ ತಂಗುಮನೆ


ಏಪ್ರಿಲ್ ೨೪

ಅಕ್ಕಾ,

ನಿಮ್ಮ ಕಾಗದಕ್ಕೆ ತಕ್ಷಣ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಪ್ರಾರ್ಥನೆಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಸಿಟ್ಟಿನಲ್ಲೇ ಹಂಡೆ ತಿಕ್ಕಿದೆ, ಬಾಣಲೆ ತಿಕ್ಕಿದೆ, ತಿಕ್ಕುವಂಥದ್ದು ಬೇರೇನೂ ಉಳಿಯದೆ ಇದ್ದಾಗ ನಿಮ್ಮ ಖಾಲಿ ಕೊಡ ಕಣ್ಣಮುಂದೆ ಬಂತು. ಅದನ್ನು ತಿಕ್ಕಿದರೆ ಸಾಲದು, ತುಂಬಬೇಕು.

ಹುಡುಗಿಯರ ಪರೀಕ್ಷೆ ಮುಗಿಯಿತು. ಹಾಸ್ಟೆಲಿಗೆ ಮಳೆ ಹಿಡಿಯುವವರೆಗೂ ರಜೆ. ಪ್ರತಿ ರಜೆಗೂ ನಾನು ತಮ್ಮನ ಮನೆಗೆ ಹೋಗಿ ಅವನ ಮಕ್ಕಳನ್ನು ನೋಡಿಕೊಳ್ಳುವುದು ಪದ್ಧತಿ. ಈ ಸಲ ಬರುವುದಿಲ್ಲ ಎಂದದ್ದಕ್ಕೆ ತಮ್ಮನ ಹೆಂಡತಿ ಮುಖ ಊದಿಸಿದಳು.

“ಗುರುತು ಪರಿಚಯ ಇಲ್ಲದವರ ಮನೆಗೆ ನೀರು ಹೊರೋಕೆ ಹೋಗ್ತೀರಾ ಅತ್ತಿಗೆ?”

“ಗುರುತು ಪರಿಚಯ ಇಲ್ಲದವಳನ್ನ ಹುಡುಕೋಕೆ ಹೋಗಿ ಅವರು ಕಾಲು ಮುರ್ಕೊಂಡ್ರಲ್ಲಮ್ಮಾ” ಎಂದೆ.

ತಮ್ಮ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದ. “ಹೋಗಿ ಬಾ ಅಕ್ಕಾ, ಮಕ್ಕಳು ನಮ್ಮವು, ನಾವು ನೋಡ್ಕೋತೀವಿ” ಎಂದ. ಮದುವೆಯಾದ ಮೇಲೆ ಅವನು ಆಡಿದ ಮೊದಲ ಧೈರ್ಯದ ಮಾತು ಅದು.

ಹಾಗಾಗಿ ಮೇ ಎರಡಕ್ಕೆ ಬರುತ್ತಿದ್ದೇನೆ, ನಿಮ್ಮ ಕಾಲು ಕೊಡ ಹೊರುವವರೆಗೂ ಇರಲು. ಸಾಹೇಬರು ಬಂದಾಗ ಮನೆಯಲ್ಲಿ ನೀರೂ ಇರುತ್ತದೆ, ಊಟವೂ ಇರುತ್ತದೆ. ನೂರು ಹುಡುಗಿಯರಿಗೆ ಬೇಯಿಸುವವಳಿಗೆ ಒಬ್ಬ ಸಾಹೇಬರು ಹೆಚ್ಚಲ್ಲ. ಕೆಲಸ ಮಾಡುವ ಕೈ ಎಲ್ಲಿ ಎಂದರೆ ಎರಡನ್ನೂ ಮುಂದೆ ಚಾಚುತ್ತೇನೆ. ಅವರು ಒಪ್ಪುತ್ತಾರೋ ಇಲ್ಲವೋ, ಅದನ್ನು ನಾನು ದೇವರಿಗೆ ಬಿಟ್ಟಿದ್ದೇನೆ. ನೀವು ಯಾರಿಗೆ ಬಿಡುತ್ತೀರೋ ಬಿಡಿ. ನಾನು ಜಗಲಿಯಲ್ಲಿ ಕೂತು ಓದುವಾಗ ಮಾತ್ರ ಮಧ್ಯೆ ಬಾಯಿ ಹಾಕಬಾರದು. ನೀವು ಹಾಕುವವರಲ್ಲ ಎಂದು ಕಾಗದಗಳಿಂದ ಗೊತ್ತಾಗಿದೆ.

ಇನ್ನೊಂದು ಮಾತು. ತೂಗುಸೇತುವೆಯನ್ನು ಸಲೀಸಾಗಿ ದಾಟಿದೆ ಎಂದು ಬರೆದಿದ್ದೆ. ದಾಟಲಿಲ್ಲ ಅಕ್ಕಾ, ದಾಟಿಸಿದರು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದೆ. ಒಂದು ಕೈ ದರ್ಜಿಯಕ್ಕ ಹಿಡಿದಿದ್ದಳು, ಹಿಂದಿನಿಂದ ರೇಡಿಯೋ, “ಇನ್ನೊಂದು ಹೆಜ್ಜೆ, ಇನ್ನೊಂದೇ ಹೆಜ್ಜೆ” ಎಂದು ದಡದವರೆಗೂ ಸುಳ್ಳು ಹೇಳುತ್ತ ಬಂದಳು. ಆ ದಿನ ಅವಳ ಬಾಯಿ ನನಗೆ ಎಷ್ಟು ಒಳ್ಳೆಯದು ಮಾಡಿತೆಂದು ಅವಳಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಅದನ್ನೇ ವರ್ಷವಿಡೀ ಹೇಳುತ್ತಾಳೆ.

ಬಸ್ಸಿನಲ್ಲಿ ಬಂದರೆ ಸೇತುವೆಯ ಗೊಡವೆಯೇ ಇಲ್ಲ. ಡ್ರೈವರಣ್ಣನೂ ಅದನ್ನೇ ಹೇಳಿದರು. (ಆ ಯಾವಳೋ ನಾನೇ ಎಂದು ಕೊನೆಗೂ ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹೋಗ್ಲಿ ಬಿಡಿ, ಸಿಕ್ಕಿದ್ರಲ್ಲ” ಎಂದರು.) ಆದರೆ ಬಸ್ಸಿನಲ್ಲಿ ಬಂದ ಮೀನನ್ನು ನೀವು ಗೋಡೆಗೆ ಸೇರಿಸುವುದಿಲ್ಲ, ನಾನೂ ಸೇರಿಸಲಾರೆ. ಪೆಟ್ಟಿಗೆ ಬಸ್ಸಿನಲ್ಲಿ ಬರುತ್ತದೆ, ಪುಸ್ತಕವೂ ಅದರಲ್ಲೇ. ನಾನು ಬಿಲ್ಲೆ ಕತ್ತಿಗೆ ಹಾಕಿಕೊಂಡು ಹೊಳೆಯ ದಾರಿಯಲ್ಲಿ ಬರುತ್ತೇನೆ. ಅದು ಉಪವಾಸದ ದಿನವಲ್ಲ, ಹೊಟ್ಟೆತುಂಬ ಉಂಡು ಹೊರಡುತ್ತೇನೆ, ದಾರಿಯಲ್ಲಿ ನೀರೂ ಕುಡಿಯುತ್ತೇನೆ, ನಿಮ್ಮ ಮನೆಯ ಲೋಟವನ್ನೂ ಒದ್ದೆ ಮಾಡುತ್ತೇನೆ.

ದರ್ಜಿಯಕ್ಕನಿಗೆ ಕೈತುಂಬ ಹೊಲಿಗೆ. ರೇಡಿಯೋಳ ಅತ್ತೆಗೆ ಹುಷಾರಿಲ್ಲ. ಸೇತುವೆಯವರೆಗೆ ಒಬ್ಬಳೇ ಬರಬಲ್ಲೆ, ಅದರ ಮೇಲೆ ಮಾತ್ರ ಆಗದು. ಆದ್ದರಿಂದ ಒಂದು ಉಪಕಾರ ಮಾಡಬೇಕು. ನಿಮ್ಮ ಕಾಗದಕ್ಕೆ ನನ್ನ ಉತ್ತರವೆಂದರೆ ನಾನೇ. ಅದನ್ನು ಸೇತುವೆಯ ಈಚೆ ದಡದಿಂದ ಕೈಹಿಡಿದು ಕರೆತರಲು ಯಾರನ್ನಾದರೂ ಕಳಿಸಿ. ನಡುವಿನ ಮನೆಯವರಿಗೆ ಜ್ವರ ಬಿಟ್ಟಿದ್ದರೆ ಅವರೇ ಆದೀತು. ಮರಗಳ ಮರೆಯಲ್ಲಿ ನಾನು ಕಾಣದಿದ್ದರೆ, ನೀವು ಕೂಗಿದ ಹಾಗೇ “ಮೀನೇ” ಎಂದು ಕೂಗಲಿ.

ಈ ಸಲ ಓಗೊಡುತ್ತೇನೆ.

ನಿಮ್ಮ ತಂಗಿ